ಎರಡು ಜೊತೆ ಗ್ಲೌಸು

ರೈಲ್ವೆ ಗೇಟು ಬಿದ್ದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.
ಗೂಡ್ಸು ಗಾಡಿ ಉದ್ದ, ನಿಂತವರಿಗೆ ಬೇರೆ ಕೆಲಸವಿಲ್ಲ:
ಹಾಲಸ್ವಾಮಿಗೂ ಬಾಬುಜಾನಿಗೂ ಬಿದ್ದರೆ
ಗೆಲ್ಲೋದು ಯಾರು?

ಬೀಳುವುದಿಲ್ಲ, ಎಲ್ಲರಿಗೂ ಗೊತ್ತು.
ಅವನು ಎಪ್ಪತ್ತು ಕೆಜಿ, ಇವನು ಅರವತ್ತು;
ತಕ್ಕಡಿಯೇ ಇಬ್ಬರನ್ನೂ ಬೇರೆ ಬೇರೆ ಪಟ್ಟಿಗೆ ಬರೆದಿದೆ.
ಆದರೂ ತಿಪ್ಪೇಶಿ, ಎಣ್ಣೆಗೆ ಮಿರ್ಚಿ ಬಿಡುತ್ತ,
‘ಮೂರನೇ ರೌಂಡಿಗೆ ಹಾಲಸ್ವಾಮಿ. ಬರಕೊಳ್ರಿ.
ಮಿಲ್ಲಿನಾಗ ಹತ್ತಿ ಅಂಡಿಗೆ ಹೊತ್ತ ವಂಶ ಅದು’ ಅನ್ನುತ್ತಾನೆ.
ಆಟೋದೊಳಗಿಂದಲೇ ಮುನಾಫ್:
‘ಕೈ ತಾಗಬೇಕಲ್ಲಪ್ಪ! ಬಾಬು ಮಂಡಕ್ಕಿ ಭಟ್ಟಿ ಹುಡುಗ.
ಕಾದ ಮರಳಿನ ಮುಂದೆ ಬೆಳೆದೋನು,
ಯಾವಾಗ ಹಿಂದೆ ಸರೀಬೇಕು ಅಂತ ಅವನ ಚರ್ಮಕ್ಕೇ ಗೊತ್ತೈತಿ.’
ಪಿ.ಟಿ. ಮೇಷ್ಟ್ರು ಕೆಮ್ಮಿ, ‘ಹಾಗಲ್ಲ, ಪಾಯಿಂಟಿನ ಲೆಕ್ಕದಲ್ಲಿ...’
ಅಷ್ಟರಲ್ಲಿ ಗೇಟು ಏಳುತ್ತದೆ.
ಅರ್ಧ ವಾಕ್ಯ ನನ್ನ ಮುಂದೆ ಬಿಟ್ಟು
ಸ್ಕೂಟರು ಒದೆಯುತ್ತಾರೆ.

ನನ್ನನ್ನು ಯಾರೂ ಕೇಳುವುದಿಲ್ಲ.
ಕೆಳಗೆ ಕೂತವನಿಗೆ ಕಾಲಷ್ಟೇ ಕಾಣುತ್ತದೆಂದು ಲೆಕ್ಕ.
ಇಬ್ಬರ ಕೈಯೂ ಬರುವುದು ಮಾತ್ರ ನನ್ನ ಮಡಿಲಿಗೆ.

ಹಾಲಸ್ವಾಮಿಯ ಬಲಗೈ ಗೆಣ್ಣಿನ ಮೇಲೆ ಒಡೆಯುತ್ತದೆ,
ವರ್ಷಕ್ಕೆ ಮೂರು ಸಲ.
ಎಡಗೈ ಇನ್ನೂ ಅಂಗಡಿಯ ಮಿಂಚು.
ನೆಂಟರ ಮನೆಗೆ ಹೋದವನ ಹಾಗೆ
ಏನೂ ಮುಟ್ಟದೆ ಕೂತಿರುತ್ತದೆ ಅದು.
ಬಾಬುಜಾನನದು ಬೇರೆ ಸವೆತ:
ಮಣಿಕಟ್ಟಿನ ಹೊರಮೈ, ತಡೆದು ತಡೆದು.
ಲಾಡಿಯ ತುದಿಯಲ್ಲಿ ಹಲ್ಲಿನ ಗುರುತು.
ಕಟ್ಟಿಕೊಡುವವರು ಯಾರೂ ಇಲ್ಲ ಅವನಿಗೆ,
ಎರಡನೆಯ ಕೈಯನ್ನು ಬಾಯಿಂದಲೇ ಬಿಗಿಯುತ್ತಾನೆ.
ಒಳಗೆ ಬೆರಳು ಹಾಕಿದರೆ
ಇಬ್ಬರದೂ ಒಂದೇ ವಾಸನೆ, ಹುಳಿ ಬಂದ ದೋಸೆ ಹಿಟ್ಟಿನದು.

ಕಳೆದ ದೀಪಾವಳಿಗೆ ಮುಂಚೆ
ಹಾಲಸ್ವಾಮಿಯ ಬಲಗೈಗೊಂದು ತೇಪೆ ಹಾಕಿದೆ.
ಕಪ್ಪು ಬಣ್ಣ ಮುಗಿದಿತ್ತು.
ಹೆಣ್ಣುಮಕ್ಕಳ ಚಪ್ಪಲಿಗೆಂದು ಇಟ್ಟಿದ್ದ ಕೆಂಪು ಬಳಿದು
‘ಎರಡು ದಿನ ಒಣಗಲಿ ಮಾರಾಯ’ ಅಂದೆ.
ಹೂಂ ಅಂದ. ಒಣಗಿಸಲಿಲ್ಲ.

ಮಾರನೇ ಬೆಳಿಗ್ಗೆ ಬಾಬುಜಾನ್ ಬಂದ, ಹೊಲಿಗೆ ಬಿಟ್ಟಿದೆ ಎಂದು.
ಅವನ ಗ್ಲೌಸಿನ ಹೊರಮೈಯಲ್ಲಿ ನನ್ನ ಕೆಂಪು.
ಎಣಿಸಿದೆ. ಹನ್ನೊಂದು.
ಹನ್ನೆರಡನೆಯದು ಅವನ ಗದ್ದದ ಕೆಳಗಿತ್ತು,
ತಿಕ್ಕಿ ತೊಳೆದರೂ ಹೋಗದೆ.
ಹೊಲಿಗೆಯ ಸಂದಿನಲ್ಲಿ ಬಿಳಿಯ ಎಳೆಗಳು,
ಬೀಗ ಬಿದ್ದ ಗಿರಣಿಯ ಹಳೇ ಹತ್ತಿ.
ಎಲ್ಲಿ ಎಂದು ಕೇಳುವ ಅಗತ್ಯವೂ ಉಳಿಯಲಿಲ್ಲ.

ಸಂಜೆ ಹಾಲಸ್ವಾಮಿ ಎದುರಿನ ರಸ್ತೆಯಲ್ಲಿ ಹೋದ.
ತುಟಿ ಊದಿತ್ತು. ‘ಏನೋ ಅದು?’ ಅಂದ ತಿಪ್ಪೇಶಿ.
‘ಬಾಗಿಲು ತಾಗ್ತು.’
ಮಿರ್ಚಿ ಬೇಡ ಅಂದ, ಖಾರ ಉರಿಯುತ್ತದಂತೆ.

ಅಂದರೆ ಆಗಿಹೋಗಿದೆ ಆ ಪಂದ್ಯ.
ಗಂಟೆಯಿಲ್ಲದೆ, ತೂಕದ ಚೀಟಿಯಿಲ್ಲದೆ,
ಇಲಿಗಳೆದುರು.
ಊರು ಮಾತ್ರ ಇನ್ನೂ ಭವಿಷ್ಯ ಹೇಳುತ್ತಿದೆ.

ನಾಲ್ಕು ದಿನ ಬಿಟ್ಟು ಇಬ್ಬರಲ್ಲೊಬ್ಬ
ಎರಡೂ ಜೊತೆ ತಂದು ನನ್ನ ಗೋಣಿಯ ಮೇಲಿಟ್ಟ.
‘ಎರಡಕ್ಕೂ ಎಷ್ಟು?’
ನೂರಾ ಇಪ್ಪತ್ತು ಅಂದೆ. ಚೌಕಾಸಿ ಮಾಡಲಿಲ್ಲ.
ಸೋತವನು ತೆರುವ ದಂಡವೋ ಅದು,
ಗೆದ್ದವನಿಗೆ ಬಂದ ಮರುಕವೋ.
ಅವನ ಮುಖ ನೋಡಿದೆ. ಗೇಟಿನ ಕಡೆ ನೋಡುತ್ತಿದ್ದ.
ಚರ್ಮ ಓದಲು ಬರುತ್ತದೆ ನನಗೆ,
ಅದನ್ನೊಂದು ಓದಲಾಗಲಿಲ್ಲ.

ಇವತ್ತು ಮತ್ತೆ ಗೇಟು ಬಿದ್ದಿದೆ.
ಮುನಾಫ್ ಒಂದು ಪ್ಲೇಟು ನರಗೀಸಿನ ಬಾಜಿ ಕಟ್ಟಿದ್ದಾನೆ.
ಯಾವತ್ತೂ ಇಲ್ಲದ್ದು, ಈಚೆ ಬಗ್ಗಿ
‘ನೀ ಏನಂತೀ ಕಾಕಾ, ಯಾರು?’ ಅಂದ.

ಮೇಣದ ದಾರ ಹಲ್ಲಲ್ಲಿ ಕಚ್ಚಿಕೊಂಡೆ.
ಬಾಯಲ್ಲಿ ದಾರ ಇರುವಾಗ ಮಾತಾಡಬಾರದು,
ಹೊಲಿಗೆ ತಪ್ಪುತ್ತದೆ.