ಶುಕ್ರವಾರ ಸ್ನಾನವಿಲ್ಲ

ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.
ತೊಟ್ಟಿಯಲ್ಲಿ ಹದಿನಾರು ಕಿಲೋ ಬೀನ್ಸ್ ಕಾಳು ಮಲಗಿರುತ್ತದೆ
ಕತ್ತಿನ ತನಕ ನೀರು ಹೊದ್ದು.
ಮಕ್ಕಳು ಬಕೆಟ್ಟಿನ ಮುಂದೆ ಕೂತು
ಕೈಕಾಲು ತೊಳೆದ ಶಾಸ್ತ್ರ ಮಾಡುತ್ತವೆ.
'ಬೇರೆಯವರ ಮನೆ ತೊಟ್ಟಿಯಲ್ಲಿ ಮನುಷ್ಯರು ಕೂರುತ್ತಾರೆ'
ಎನ್ನುತ್ತಾಳೆ ತಶ್ಮಿಕಾ, ಒಂಬತ್ತು ವರ್ಷ,
ಹಲ್ಲುಜ್ಜುವ ಬ್ರಷ್ಷನ್ನು ವಕೀಲರ ಹಾಗೆ ಎತ್ತಿ ಹಿಡಿದು.
ಕೋಗಿ, ನನ್ನ ಹೆಂಡತಿ, ಉತ್ತರ ಕೊಡುವುದಿಲ್ಲ.
ತೋಳೇರಿಸಿ ಕದಡಿ
ತೇಲುವ ಜೊಳ್ಳನ್ನು ಅಂಗೈಯಲ್ಲಿ ಬಳಿದು ತೆಗೆಯುತ್ತಾಳೆ.

ನಡುರಾತ್ರಿ ಎಚ್ಚರವಾದರೆ ಕೇಳುತ್ತದೆ
ಚಿಟ್. ಚಿಟ್.
ಕಾಳು ನೀರು ಕುಡಿಯುವ ಸದ್ದು.
ಸಮುದ್ರದಲ್ಲಿ ಹೆಚ್ಚು ಹೊತ್ತು ಆಡಿದ ಮಗುವಿನ ಬೆರಳಿನಂತೆ
ಮೊದಲು ಸುಕ್ಕು,
ಬೆಳಗಿನ ಹೊತ್ತಿಗೆ ತುಂಬಿಕೊಂಡ ಕೆನ್ನೆ.

ನನಗೆ ಅಡುಗೆ ಬರುವುದಿಲ್ಲ. ಗಾಡಿ ಬರುತ್ತದೆ.
ನಾಲ್ಕೂವರೆಗೆ ಚಾಟ್ಸ್‌ವರ್ತಿನ ಇಳಿಜಾರು, ಎರಡನೇ ಗೇರು,
ಹಿಂದೆ ಗ್ಯಾಸ್ ಸಿಲಿಂಡರು, ಆಲೂಗಡ್ಡೆ ಮೂಟೆ,
ಮುಂದೆ ನನ್ನ ತೋಳಿಗೊರಗಿ ನಿದ್ದೆಯಲ್ಲಿ ಯುದಿರ್.
ಕ್ಲಿನಿಕ್ಕಿನ ಗೋಡೆಗೆ ಆಗಲೇ ಸಾಲು ಅಂಟಿಕೊಂಡಿದೆ.
ಗೇಟು ತೆರೆಯುವುದು ಏಳಕ್ಕೆ.

ಸವುಂದ್ರಿ ಆಂಟಿ, ಎರಡು ಮಂಡಿಗೂ ಪಟ್ಟಿ,
ಕೊಪ್ಪರಿಗೆಯ ಮುಂದೆ ಕುರ್ಚಿ ಹಾಕಿಸಿ ಕೂತು
ಎಣ್ಣೆಗೆ ಸಾಸಿವೆ, ಸೋಂಪು, ಚಕ್ಕೆ, ಕರಿಬೇವು,
ಆಮೇಲೆ ಕೆಂಪು ಮಸಾಲೆ, ಯಾರನ್ನೂ ಹತ್ತಿರ ಬಿಡದೆ.
ಮುತ್ತಜ್ಜಿ ಕಬ್ಬಿನ ತೋಟಕ್ಕೆಂದು ಹಡಗಿಳಿದಾಗ
ತಂದ ಅಳತೆ ಇದೊಂದೇ ಅಂತೆ:
ಕಣ್ಣಲ್ಲಿ ನೀರು ಬಂದರೆ ಸರಿ, ಮೂಗಲ್ಲಿ ಬಂದರೆ ಹೆಚ್ಚು.
ಉಪ್ಪು ಮಾತ್ರ ಕಡಿಮೆ.
ಸಾಲಿನಲ್ಲಿ ಅರ್ಧಕ್ಕರ್ಧ ಬಿ.ಪಿ.ಯವರು.

ಯುದಿರನ ಕೆಲಸ ಬ್ರೆಡ್ಡಿನ ಹೊಟ್ಟೆ ತೋಡುವುದು.
ಕಾಲು ಬ್ರೆಡ್ಡು, ಒಳಗೊಂದು ಬಾವಿ, ಬಾವಿಗೊಂದು ಸೌಟು,
ತೋಡಿ ತೆಗೆದ ಮೆತ್ತನೆಯದೇ ಮುಚ್ಚಳ.
ಹತ್ತರಲ್ಲಿ ಮೂರಕ್ಕೆ ಮುಚ್ಚಳವಿರುವುದಿಲ್ಲ,
ಅವನ ಕೆನ್ನೆ ಉಬ್ಬಿರುತ್ತದೆ.

ಹೋದ ಶನಿವಾರ ಸೌಟು ತಶ್ಮಿಕಾಳ ಕೈಯಲ್ಲಿತ್ತು.
ಇದ್ದಕ್ಕಿದ್ದಂತೆ ಇರಲಿಲ್ಲ.
ಸೌಟು ಕೊಪ್ಪರಿಗೆಯೊಳಗೆ, ಅವಳು ಮೇಜಿನ ಕೆಳಗೆ.
'ಏನೇ?'
'ನೊಕ್ವಾಂಡ. ನಮ್ಮ ಕ್ಲಾಸು. ಅವಳ ಗೋಗೊ ಜೊತೆ. ನೋಡಬೇಡಿ ಅಪ್ಪಾ.'
ನೋಡಿದೆ.
ಹಸಿರು ಸ್ವೆಟರಿನ ಹುಡುಗಿ, ಅಜ್ಜಿಯ ಸೆರಗಿಗಂಟಿದಂತೆ ನಿಂತು,
ನಮ್ಮ ಮೇಜೊಂದನ್ನು ಬಿಟ್ಟು
ಜಗತ್ತನ್ನೆಲ್ಲ ನೋಡುತ್ತಿದ್ದಳು.

ಇಂಥಲ್ಲಿ ಮಕ್ಕಳಿಗೆ ಏನು ಹೇಳುತ್ತಾರೆ?
ನನ್ನ ಬಳಿ ಇದ್ದ ಮಾತೆಲ್ಲ ದಪ್ಪವಾಗಿದ್ದವು,
ಮೇಜಿನ ಕೆಳಗೆ ತೂರುವಂತಿರಲಿಲ್ಲ.
ಮುಂದಿನವರಿಗೆ ಬಡಿಸಿದೆ, ಅಷ್ಟೇ.

ತಿರುಗಿದರೆ ಏಪ್ರನ್ನು ನೆಲದ ಮೇಲೆ.
ಅವಳು ಸಾಲಿನಲ್ಲಿದ್ದಳು, ನೊಕ್ವಾಂಡಳ ಪಕ್ಕ,
ಗೋಗೊ ಚೀಲದ ಒಂದು ಕಿವಿ ಹಿಡಿದು.
ಸರದಿ ಬಂತು. ಆ ಹುಡುಗಿ ಚಾಚಿದಂತೆಯೇ
ಎರಡೂ ಕೈ ಜೋಡಿಸಿ ಚಾಚಿದಳು,
ನನ್ನನ್ನು ಎಂದೂ ಕಂಡಿರದವಳ ಹಾಗೆ:
'ಸ್ವಲ್ಪ ಜಾಸ್ತಿ ಹಾಕಿ, ಅಂಕಲ್.'

ಹಾಕಿದೆ. ಮೇಜಿಗೂ ಒಂದಿಷ್ಟು ಹಾಕಿದೆ.

ಕಟ್ಟೆಯ ಮೇಲೆ ಕೂತು ತಿಂದರು ಇಬ್ಬರೂ.
ಮನೆಯಲ್ಲಿ ಬೀನ್ಸ್ ಎಂದರೆ ತಟ್ಟೆ ದೂಡುವವಳು
ಮೊಣಕೈಗಿಳಿದ ಸಾರನ್ನೂ ನೆಕ್ಕಿದಳು.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.
ಸೋಮವಾರ ನೊಕ್ವಾಂಡ ಇಡೀ ಕ್ಲಾಸಿಗೆ ಸಾರಿದಳಂತೆ
ಇವರು ಬಚ್ಚಲಲ್ಲಿ ಅಡುಗೆ ಮಾಡುತ್ತಾರೆಂದು.
ಗುಟ್ಟು ಬಿಟ್ಟವಳು ಕಟ್ಟೆ ಮೇಲೆ ಕೂತ ನಮ್ಮವಳೇ.
ಎರಡು ದಿನ ಮಾತಿಲ್ಲ, ಕೊಟ್ಟ ರಬ್ಬರು ವಾಪಸ್ಸು,
ರಾತ್ರಿ ದಿಂಬಿಗೆ ಗುದ್ದು.
ಬುಧವಾರ ಏನಾಯಿತೋ. ಕೇಳಿದರೆ 'ಏನಿಲ್ಲ.'

ಇವತ್ತು ಶುಕ್ರವಾರ.
ಚೀಲದ ಹೊಲಿಗೆಯನ್ನು ಹಲ್ಲಲ್ಲೇ ಬಿಚ್ಚಿ
ತೊಟ್ಟಿಗೆ ಕಾಳು ಸುರಿಯುತ್ತಿದ್ದಾಳೆ ತಶ್ಮಿಕಾ.
'ಅಮ್ಮಾ, ಆಂಟಿಗೆ ಹೇಳು, ಉಪ್ಪು ಕಮ್ಮಿಯಂತೆ.'
'ಯಾರಂದದ್ದು?'
ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾಳೆ,
ಏನೂ ಕೇಳಿಸದವಳ ಹಾಗೆ.