ಮೂಳೆಯ ಜರಡಿ

ಶಾಲೆಯ ಫೋಟೋದಲ್ಲಿ ನಲವತ್ತೊಂದು ಮಕ್ಕಳು.
ಒಬ್ಬರೂ ತುಟಿ ಎರಡು ಮಾಡಿಲ್ಲ.
ಹಿಂದಿನ ಸಾಲು, ಎಡದಿಂದ ಮೂರನೆಯವಳು ನಾನು.
ನಗು ಬಂದರೆ ಅಂಗೈ ಅಡ್ಡ ಹಿಡಿಯುವ ಚಾಳಿ
ಇನ್ನೂ ಹೋಗಿಲ್ಲ.

ಈಗ ಕೌಂಟಿಯ ಜೀಪಿನಲ್ಲಿ ಬಂದಿದ್ದೇನೆ,
ಸೀಳುಕಣಿವೆಯ ಅದೇ ಕೊಳವೆಬಾವಿಗೆ, ಸೀಸೆ ಹಿಡಿದು.
ಫ್ಲೋರೈಡು ಒಂದೂವರೆ ಮೀರಬಾರದು; ಇಲ್ಲಿ ಏಳು.
ನೀರೋ, ಕೊಕ್ಕರೆಯ ಕಣ್ಣಿನಷ್ಟು ತಿಳಿ.
"ಇಷ್ಟು ಚೆಂದದ ನೀರಿನ ಮೇಲೆ ಚಾಡಿ ಹೇಳ್ತೀಯಲ್ಲೇ"
ಅನ್ನುತ್ತಾಳೆ ತಬರ್ನೊ ಅಜ್ಜಿ,
ನೆಟ್ಟಗಾಗದ ಮೊಣಕಾಲು ನೀವಿಕೊಳ್ಳುತ್ತ.
ಕುದಿಸಿದರೆ?
ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ, ಅಜ್ಜಿ.
ಬಿಟ್ಟರೆ ಹೊಳೆ, ಒಂಬತ್ತು ಕಿಲೋಮೀಟರು,
ಅದರಲ್ಲಿ ಬೇರೆ ಕಾಯಿಲೆ.

ಅದಕ್ಕೇ ಈ ನೀಲಿ ಬಕೆಟ್ಟು:
ಒಳಗೆ ಸುಟ್ಟ ದನದ ಮೂಳೆ, ಕರಿ ತರಿ.
ಮೂಳೆಯನ್ನು ಹುಡುಕಿಕೊಂಡು ಬರುವುದನ್ನು
ಮೂಳೆಯಿಟ್ಟೇ ಹಿಡಿಯಬೇಕು.

ಕಿಮೋಸೊಪ್ ಮುದುಕ ಚಿಟಿಕೆ ತೆಗೆದು ಮೂಸಿದ.
ಯಾರ ಮನೆಯ ದನ?
ಕಸಾಯಿಖಾನೆಯದು, ಅಂದೆ.
ಹೆಸರು ಗೊತ್ತಿಲ್ಲ ಅನ್ನು, ಅಂದ.

ನಲ್ಲಿ ತಿರುಗಿಸಿದೆ. ನೂಲಿನಂಥ ಧಾರೆ.
ಅಜ್ಜಿ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು
ಬಹಳ ಹೊತ್ತಿನ ಮೇಲೆ ನುಂಗಿದಳು. "ಸಪ್ಪೆ."
ವರ್ಷಕ್ಕೊಮ್ಮೆ ತರಿ ಬದಲಿಸಬೇಕು, ಮರೆಯಬೇಡಿ, ಅಂದೆ.
ಶಿಲಿಂಗು ಯಾರದು ಎಂದು ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಹಾಲುಹಲ್ಲು ಬಿದ್ದ ಪುಟ್ಟ ಜೆಬಿವೊಟ್
ಬೋಳು ವಸಡು ತೋರಿಸಿ ನಕ್ಕಳು,
ಕೈ ಅಡ್ಡ ಹಿಡಿಯದೆ.
ಹೊಸ ಹಲ್ಲು ಒಳಗೇ ಕೂತಿದೆ.
ಆಗಲೇ ಎಷ್ಟು ಕುಡಿದಿದೆಯೋ.