ಜೇಬಿನ ಬಿಳಿ ಅರಿವಿ

ಹಗರಿ ಮರಳು ಜರಡಿ ಹಿಡಿದು
ಹಳೇ ಟ್ರೇ ತುಂಬಿಸಿ ಇಟ್ಟೆ.
ಗುಂಡಿ ಮೂಸಿಯೂ ನೋಡಲಿಲ್ಲ.
ಕೌಲ್‌ಬಜಾರಿನಿಂದ ಹೊತ್ತು ತಂದ
ಜೀನ್ಸಿನ ಗಂಟೇ ಬೇಕು ಅದಕ್ಕ.

ಸೋಡಾ ತಿಕ್ಕಿದೆ, ಬಳ್ಳಾರಿ ಬಿಸಿಲಿಗೆ ಹರವಿದೆ,
ನಾತ ಹೋಗವಲ್ದು.
ಮೇಸ್ತ್ರಿ ನಲವತ್ತು ರೂಪಾಯಿ ಮುರಕೊಂಡ.
ಪೊರಕೆ ಎತ್ತಿದೆ. ಎರಡು ಸಲ.
ಸುಳ್ಳ್ಯಾಕ, ಮೂರು.

ನೀಲಿ ಮ್ಯಾಲೆ ಏನೂ ಕಾಣಂಗಿಲ್ಲ.
ನಿನ್ನೆ ಜೇಬಿನ ಬಿಳಿ ಅರಿವಿ ಮ್ಯಾಲೆ ಕುಂತು
ತಿಣುಕಿ, ಸಣ್ಣಗ ಒದರಿ
ಬಿಟ್ಟದ್ದು ನಾಕೇ ಹನಿ,
ಕುಂಕುಮ ಕದಡಿದ ನೀರು.

ಯೂನಿಟ್ಟಿನಾಗ ಹೆಂಗಸರಿಗೆ ಕಕ್ಕಸಿರಲಿಲ್ಲ.
ಎಂಟು ವರ್ಷ ಮಿಷನ್ನಿನ ಕೆಳಗ
ಕಾಲು ಬಿಗಿದು ಕುಂತವಳು ನಾನು.
ನನಗಾದರೂ ತಿಳೀಬೇಕಿತ್ತು.

ದನದ ಆಸ್ಪತ್ರೆ ಎಷ್ಟೊತ್ತಿಗೆ ತೆಗೀತಾರ ಅಂತ
ಪಕ್ಕದ ಮನಿ ಹುಲಿಗೆಮ್ಮನ್ನ ಕೇಳಿದೆ.
ಬೆಕ್ಕಿಗಾ? ಅಂತ ನಕ್ಕಳು.
ಗುಂಡಿ ಚೀಲದಾಗ ಮಿಸುಕಾಡ್ತು.